ಒದ್ದೆ ಡಿಸೆಂಬರಿನಲ್ಲಿ ಕೆಂಡದ ಮುಂದೆ

2024ರ ಡಿಸೆಂಬರ್ ಮೊದಲ ವಾರ ನಾನು ಮಾವನ ಮನೆಯಲ್ಲಿದ್ದೆ. ಸಕಲೇಶಪುರದಿಂದ ಹಾನುಬಾಳು ಕಡೆ ಹೋದರೆ ಸಿಗುವ ಸಣ್ಣ ತೋಟ. ಅರೇಬಿಕಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತ್ತು. ಅಲ್ಲೆಲ್ಲೋ ಸಮುದ್ರದಲ್ಲಿ ಎದ್ದದ್ದು ಇಲ್ಲಿ ಘಟ್ಟದ ಮೇಲೆ ಬಂದು ಸುರಿಯುತ್ತಿತ್ತು. ಕಣದಲ್ಲಿ ಕಾಫಿ ಹರಡಿತ್ತು.

ಡಿಸೆಂಬರಿನಲ್ಲಿ ಮಳೆ ಬಂದರೆ ಕಾಫಿಯವರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಕೊಯ್ದ ಹಣ್ಣು ಒಣಗಿ ಅದರೊಳಗಿನ ತೇವ ಶೇಕಡಾ 10–11ಕ್ಕೆ ಇಳಿಯಬೇಕು, ಆಮೇಲೆ ಚೀಲಕ್ಕೆ. ಅಷ್ಟರಲ್ಲಿ ನೆನೆದರೆ ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆಗೆ ಬೆಲೆ ಇಲ್ಲ. ಎರಡು ದಿನ ನಾವೆಲ್ಲ ಟಾರ್ಪಾಲು ಎಳೆಯುವುದು, ಬಿಚ್ಚುವುದು, ಗುಡ್ಡೆ ಮಾಡುವುದು, ಮತ್ತೆ ಹರಡುವುದು, ಇದೇ ಕೆಲಸ. ಮೂರನೇ ದಿನ ಸಂಜೆ ಮಳೆ ನಿಂತಿತು. ಮಂಜು ಇಳಿಯಿತು. ಮಳೆ ಇಲ್ಲದಿದ್ದರೂ ಮರಗಳಿಂದ ಟಪ್ ಟಪ್ ಅಂತ ಹನಿ ಬೀಳುತ್ತಲೇ ಇತ್ತು. ಮಾವ ಕಂಬಳಿ ಹೊದ್ದು ಜಗಲಿಗೆ ಬಂದು, "ಬಾ ಪುಟ್ಟಿ, ಹೊರಗೆ ಬೆಂಕಿ ಹಾಕಣ. ಒಳಗೇ ಕೂತ್ರೆ ತಲೆ ಕೆಡ್ತದೆ" ಅಂದರು. ಬೆಳಿಗ್ಗೆ ತಂದ ಎರಡು ಕೆಜಿ ಹಂದಿ ಮಾಂಸ ಇತ್ತು, ಒಂದು ಕೋಳಿ ಇತ್ತು. ಅಷ್ಟು ಸಾಕಲ್ವಾ?

ಬೇಸಿಗೆಯಲ್ಲಿ ಬಯಲಲ್ಲಿ ಬೆಂಕಿ ಹಾಕಿ ಬಾಡು ಸುಡುವುದು ಯಾರಿಗಾದರೂ ಬರುತ್ತದೆ. ಕಡ್ಡಿ ಗೀರಿದರೆ ಸಾಕು, ಎಲ್ಲ ಹೊತ್ತಿಕೊಳ್ಳುತ್ತದೆ. ಮಲೆನಾಡಿನ ಒದ್ದೆ ಚಳಿಯಲ್ಲಿ ಅದು ಬೇರೆಯೇ ಕೆಲಸ. ಇಪ್ಪತ್ತು ವರ್ಷದಿಂದ ಮಾವನ ಪಕ್ಕ ಕೂತು ನಾನು ಕಲಿತದ್ದು ಇಷ್ಟು: ಇಲ್ಲಿ ಬೆಂಕಿಯ ಮೊದಲ ಕೆಲಸ ಒಣಗಿಸುವುದು. ಸೌದೆಯಲ್ಲಿ ನೀರಿದೆ, ನೆಲದಲ್ಲಿ ನೀರಿದೆ, ಗಾಳಿಯಲ್ಲಿದೆ, ಮಾಂಸದಲ್ಲೂ ಇದೆ. ಅಷ್ಟೂ ನೀರನ್ನು ದಾಟಿದ ಮೇಲೆ ಅಡುಗೆ ಶುರು. ಕಣದಲ್ಲಿ ಕಾಫಿಗೆ ಏನು ಮಾಡುತ್ತೇವೋ ಇಲ್ಲೂ ಅದನ್ನೇ ಮಾಡುತ್ತೇವೆ.

ಸೌದೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಸೋಲುವುದು ಇಲ್ಲೇ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಸೌದೆಯಲ್ಲೂ ಶೇಕಡಾ 15–20ರಷ್ಟು ತೇವ ಉಳಿದಿರುತ್ತದೆ. ನೀರನ್ನು ಕುದಿಯುವ ಹಂತಕ್ಕೆ ತರುವುದು ದೊಡ್ಡದಲ್ಲ, ಅದನ್ನು ಆವಿ ಮಾಡಿ ಓಡಿಸುವುದು ದೊಡ್ಡದು. ತಣ್ಣೀರನ್ನು ಕುದಿಸುವುದಕ್ಕೆ ಬೇಕಾದ ಶಾಖಕ್ಕಿಂತ ಐದು ಪಟ್ಟು ಜಾಸ್ತಿ ಶಾಖ, ಅದೇ ನೀರನ್ನು ಆವಿ ಮಾಡುವುದಕ್ಕೆ ಬೇಕು. ನೀರು ಪೂರ್ತಿ ಹೋಗುವ ತನಕ ಆ ಕಟ್ಟಿಗೆ 100 ಡಿಗ್ರಿ ದಾಟುವುದೇ ಕಷ್ಟ. ಮರದಿಂದ ಉರಿಯುವ ಅನಿಲ ಹೊರಡಬೇಕಾದರೆ 200 ಡಿಗ್ರಿಗಿಂತ ಮೇಲೆ ಹೋಗಬೇಕು. ಅದಕ್ಕೇ ಹಸಿ ಸೌದೆ ಸುಂಯ್ ಅನ್ನುತ್ತಾ ತುದಿಯಲ್ಲಿ ನೊರೆ ಕಾರುತ್ತಾ ಬರೀ ಹೊಗೆ ಬಿಡುತ್ತದೆ. ಆ ಹೊಗೆ ಅಂದರೆ ಉರಿಯದೇ ಹೋದ ಸೌದೆ. ಅದು ಮಾಂಸಕ್ಕೆ ಮೆತ್ತಿಕೊಂಡರೆ ಕಹಿ.

ಹಾಗಾದರೆ ಒಣ ಸೌದೆ ಎಲ್ಲಿಂದ ತರುವುದು? ನೆಲದ ಮೇಲೆ ಬಿದ್ದಿರುವುದನ್ನು ಮುಟ್ಟಬೇಡಿ. ಅದು ಸ್ಪಂಜಿನ ಹಾಗೆ ನೀರು ಕುಡಿದಿರುತ್ತದೆ. ಮರದಲ್ಲೇ ಒಣಗಿ ನೇತಾಡುವ ಕೊಂಬೆ ನೋಡಿ. ಮುರಿದಾಗ ಚಟ್ ಅಂತ ಸದ್ದು ಬಂದರೆ ಒಣಗಿದೆ, ಸುಮ್ಮನೆ ಬಾಗಿದರೆ ಬಿಟ್ಟುಬಿಡಿ. ಮೇಲೆ ಒದ್ದೆಯಾದರೂ ಪರವಾಗಿಲ್ಲ, ದಪ್ಪ ತುಂಡನ್ನು ಕೊಡಲಿಯಲ್ಲಿ ಸೀಳಿದರೆ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಮಳೆ ನಿಂತ ದಿನ ಸೀಳಿದ ಸೌದೆಗೂ ದುಂಡಗಿನ ಸೌದೆಗೂ ಅಜಗಜಾಂತರ. ಮಾವನಿಗಂತೂ ಈ ಹುಡುಕಾಟವೇ ಬೇಕಿಲ್ಲ. ಅವರ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಕಾಫಿ ಗಿಡಗಳ ಬೊಡ್ಡೆ ಪೇರಿಸಿಟ್ಟಿರುತ್ತಾರೆ. ಹೊಸ ಗಿಡ ಹಾಕಲು ಹಳೇದನ್ನು ಕಿತ್ತಾಗ ಸಿಕ್ಕಿದ್ದು. ಕಾಫಿ ಕಟ್ಟಿಗೆ ಸಣ್ಣದು, ಆದರೆ ಬಲು ಗಟ್ಟಿ, ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹೊತ್ತುತ್ತದೆ, ಬೇಗ ಬೂದಿಯೂ ಆಗುತ್ತದೆ. ಅದಕ್ಕೆ ಹೊತ್ತಿಸಲು ಓಕು, ಬೇಯಿಸಲು ಕಾಫಿ. ಜೊತೆಗೆ ಒಂದು ಬುಟ್ಟಿ ತೆಂಗಿನ ಕರಟ. ಕರಟದ ಕೆಂಡಕ್ಕೆ ಸಮ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದ ಮರದ ಕಟ್ಟಿಗೆ ತಂದು ಅಡುಗೆಗೆ ಹಾಕಬೇಡಿ. ಚೇರಿನ ಮರದ ಸೊನೆ ತಾಗಿದರೇ ಮೈಯೆಲ್ಲ ಗುಳ್ಳೆ ಏಳುತ್ತದೆ, ಅದರ ಹೊಗೆಯೂ ಬೇಡ. ಕಣಗಿಲೆ ಕಡ್ಡಿ ನೇರವಾಗಿ ಚೆಂದ ಕಾಣುತ್ತದೆ ಅಂತ ಮಾಂಸ ಚುಚ್ಚಲು ಮುರಿದುಕೊಳ್ಳಬೇಡಿ, ಅದು ವಿಷ. ಬಿದಿರಿನ ಕಡ್ಡಿ ಸಾಕು.

ಹೊತ್ತಿಸುವುದಕ್ಕೆ ನಾವು ಅಡಿಕೆ ದಬ್ಬೆಯ ಸಣ್ಣ ಸೀಳು ಇಡುತ್ತೇವೆ, ಅದರಡಿ ತೆಂಗಿನ ನಾರು. ಇದನ್ನೆಲ್ಲ ಅತ್ತೆ ಅಡುಗೆ ಒಲೆಯ ಪಕ್ಕ ಒಂದು ಡಬ್ಬದಲ್ಲಿ ಬೆಚ್ಚಗೆ ಇಟ್ಟಿರುತ್ತಾರೆ. ಬೆಂಕಿಪೊಟ್ಟಣವೂ ಅಲ್ಲೇ. ಮಳೆಗಾಲದಿಂದ ಜನವರಿ ತನಕ ಆ ಡಬ್ಬ ಜಾಗ ಬಿಟ್ಟು ಕದಲುವುದಿಲ್ಲ. ಸೀಮೆಎಣ್ಣೆ ಸುರಿಯುವುದು, ಟೈರಿನ ತುಂಡು ಹಾಕುವುದು ಸುಲಭ ಅನ್ನಿಸುತ್ತದೆ. ಆದರೆ ಆ ವಾಸನೆ ಮಾಂಸ ಬಿಟ್ಟು ಹೋಗುವುದಿಲ್ಲ, ಮತ್ತೆ ಟೈರಿನ ಹೊಗೆ ಹೊಟ್ಟೆಗೆ ಹೋಗಬಾರದ್ದು.

ನೆಲದ ವಿಷಯ ನನಗೆ ತಡವಾಗಿ ಅರ್ಥವಾಯಿತು. ಒದ್ದೆ ಮಣ್ಣಿನ ಮೇಲೆ ನೇರವಾಗಿ ಬೆಂಕಿ ಹಾಕಿದರೆ ಅರ್ಧ ಶಾಖವನ್ನು ಮಣ್ಣೇ ಕುಡಿಯುತ್ತದೆ. ಕೆಳಗಿಂದ ಆವಿ ಏಳುತ್ತಾ ಕೆಂಡ ಕಪ್ಪಾಗುತ್ತದೆ. ಮಾವ ಮೊದಲು ಮಣಿಕಟ್ಟಿನಷ್ಟು ದಪ್ಪದ ನಾಲ್ಕೈದು ಹಸಿ ಗಳುಗಳನ್ನು ಒತ್ತೊತ್ತಾಗಿ ಹಾಸಿ, ಅದರ ಮೇಲೆ ಬೆಂಕಿ ಕಟ್ಟುತ್ತಾರೆ. ಎರಡೂ ಬದಿಗೆ ಬಾಳೆ ದಿಂಡು ಇಡುತ್ತಾರೆ. ದಿಂಡು ನೀರಿನ ಮುದ್ದೆ, ಎಷ್ಟು ಕಾದರೂ ಉರಿಯುವುದಿಲ್ಲ. ಅದರ ಮೇಲೆ ಕಂಬಿ ಅಡ್ಡ ಇಟ್ಟರೆ ಒಲೆ ತಯಾರು.

ಕಲ್ಲು ಯಾಕೆ ಇಡುವುದಿಲ್ಲ ಅಂತ ನೀವು ಕೇಳಬಹುದು. ನಾನು ಕಾಲೇಜಿನಲ್ಲಿದ್ದಾಗ ನಾವು ಮಕ್ಕಳೆಲ್ಲ ಸೇರಿ ಹಳ್ಳದ ಪಕ್ಕ ಬೆಂಕಿ ಹಾಕಿದ್ದೆವು. ಹಳ್ಳದಿಂದಲೇ ದುಂಡಗಿನ, ನುಣುಪಾದ ಮೂರು ಕಲ್ಲು ಎತ್ತಿ ತಂದಿದ್ದೆವು. ಅರ್ಧ ಗಂಟೆ ಆಗಿರಬೇಕು. ಪಟಾಕಿ ಹೊಡೆದ ಹಾಗೆ ಸದ್ದು ಬಂತು, ಒಂದು ಕಲ್ಲು ಸಿಡಿದು ಅದರ ಚೂರು ಚಿಕ್ಕಮ್ಮನ ಮಗನ ಕಣ್ಣಿನ ಕೆಳಗೆ ಬಡಿಯಿತು. ಅರ್ಧ ಇಂಚು ಮೇಲೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ನೀರಲ್ಲಿ ವರ್ಷಗಟ್ಟಲೆ ಬಿದ್ದಿರುವ ಕಲ್ಲಿನ ಸಂದಿಯಲ್ಲಿ ನೀರು ಕೂತಿರುತ್ತದೆ, ಕಾದಾಗ ಅದು ಆವಿಯಾಗಿ ಹೊರಗೆ ಬರಲು ದಾರಿ ಇಲ್ಲದೆ ಕಲ್ಲನ್ನೇ ಒಡೆಯುತ್ತದೆ. ಆ ಗಾಯದ ಗುರುತು ಈಗಲೂ ಅವನ ಕೆನ್ನೆಯ ಮೇಲಿದೆ. ಹಳ್ಳದ ಕಲ್ಲು ಬೆಂಕಿಗೆ ಬೇಡ, ದಯವಿಟ್ಟು. ಎರಡೂ ತುದಿ ಮುಚ್ಚಿದ ಬಿದಿರಿನ ಅಂಡೆಯೂ ಹೀಗೇ ಸಿಡಿಯುತ್ತದೆ.

ಜಾಗದ ಬಗ್ಗೆಯೂ ಹೇಳಬೇಕು. ನಾವು ಬೆಂಕಿ ಹಾಕುವುದು ಮನೆ ಅಂಗಳದ ಅಂಚಿನಲ್ಲಿ, ಕೈಗೆ ಸಿಗುವ ಹಾಗೆ ನೀರಿನ ಬಕೆಟ್ ಇಟ್ಟುಕೊಂಡು. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ, ಮಳೆ ಬಿದ್ದು ಕಾಡು ನೆನೆದಿದ್ದರೂ ಅಪರಾಧವೇ. ಇನ್ನು ನಮ್ಮ ಕಡೆ ಆನೆ ಓಡಾಟ ಇದೆ. ಆನೆ ಎಲ್ಲಿದೆ ಅಂತ ಮೊಬೈಲ್‌ಗೆ ಬರುವ ಸಂದೇಶ ನೋಡದೆ ಮಾವ ಸಂಜೆ ಮೇಲೆ ಅಂಗಳ ದಾಟುವುದಿಲ್ಲ.

ಅವತ್ತು ಬೆಂಕಿ ಹಿಡಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮೊದಲ ಹದಿನೈದು ನಿಮಿಷ ಬರೀ ಹೊಗೆ. ಕಣ್ಣು ಉರಿ. ನಾನು ಊದುಕೊಳವೆ ಹಿಡಿದು ಬುಡಕ್ಕೆ ಊದುತ್ತಿದ್ದೆ, ಮಾವ ಮುಂದಿನ ಸುತ್ತಿಗೆ ಹಾಕಬೇಕಾದ ಸೌದೆಯನ್ನು ಬೆಂಕಿಯ ಸುತ್ತ ಬೇಲಿ ಹಾಗೆ ನಿಲ್ಲಿಸುತ್ತಿದ್ದರು. ಉರಿಯುತ್ತಿರುವ ಬೆಂಕಿ ಪಕ್ಕದ ಸೌದೆಯನ್ನು ಒಣಗಿಸುತ್ತದೆ, ಅದು ಒಣಗಿದ ಮೇಲೆ ಒಳಗೆ ಹೋಗಿ ಅದರ ಪಕ್ಕದ್ದನ್ನು ಒಣಗಿಸುತ್ತದೆ. ಒದ್ದೆ ದಿನದಲ್ಲಿ ಇದೊಂದೇ ದಾರಿ. ಒಟ್ಟಿಗೆ ಎಲ್ಲ ಹೇರಿದರೆ ಬೆಂಕಿ ಸಾಯುತ್ತದೆ. ಆ ಬೇಲಿಯಿಂದ ಆವಿ ಏಳುವುದನ್ನು ನೋಡುತ್ತಾ ಕೂರುವುದು ನನಗೆ ತುಂಬಾ ಇಷ್ಟ. ಸಿಪ್ಪೆಯ ಮೇಲಿನ ಪಾಚಿ ಮೊದಲು ಕಪ್ಪು ಹಸಿರು, ಆಮೇಲೆ ಬೂದು, ಆಮೇಲೆ ಸಣ್ಣಗೆ ಸುರುಟಿಕೊಂಡು ಉದುರುತ್ತದೆ.

ಉರಿ ಜೋರಾಗಿ ಎದ್ದ ಕೂಡಲೇ ಮಾಂಸ ಇಡುವ ಆತುರ ಎಲ್ಲರಿಗೂ ಬರುತ್ತದೆ. ಹಸಿವು, ಚಳಿ, ಮಕ್ಕಳ ಗಲಾಟೆ. ಆದರೆ ಉರಿಯ ಮೇಲೆ ಇಟ್ಟ ಮಾಂಸ ಹೊರಗೆ ಕರಕಲು, ಒಳಗೆ ಹಸಿ. ಕೊಬ್ಬು ತೊಟ್ಟಿಕ್ಕಿ ಉರಿ ಮೇಲೆದ್ದು ಮಸಿ ಹಿಡಿಯುತ್ತದೆ. ಕಾಯಬೇಕು. ಮಾವ ಒಂದು ಕಡೆ ಬೆಂಕಿ ಉರಿಯಲು ಬಿಟ್ಟು, ಅಲ್ಲಿ ಹುಟ್ಟಿದ ಕೆಂಡವನ್ನು ಸಲಿಕೆಯಲ್ಲಿ ಪಕ್ಕಕ್ಕೆ ಎಳೆದು ಬಾಳೆ ದಿಂಡುಗಳ ನಡುವೆ ಹರಡುತ್ತಾರೆ. ಉರಿಯುವುದು ಒಂದು ಕಡೆ, ಬೇಯುವುದು ಇನ್ನೊಂದು ಕಡೆ. ಕೆಂಡದ ಮೇಲೆ ಬಿಳಿ ಬೂದಿಯ ತೆಳು ಪೊರೆ ಬಂದಾಗ ಅದು ಅಡುಗೆಗೆ ಬಂತು ಅಂತ ಲೆಕ್ಕ. ಮಾಂಸ ಇರುವ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ನಾಲ್ಕೈದು ಎಣಿಸುವಷ್ಟರಲ್ಲಿ ಕೈ ಹಿಂದೆಗೆಯಬೇಕು ಅನ್ನಿಸಿದರೆ ಸರಿಯಾದ ಕಾವು.

ಮಾಂಸದ ನೀರಿನ ಲೆಕ್ಕ ನನಗೆ ಅಜ್ಜಿಯಿಂದ ಬಂದದ್ದು. ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಘಮ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ದಾಟಬೇಕು. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು, ಇವತ್ತಿಗೂ ಅದಕ್ಕೆ ಅವರದೇ ಹೆಸರು. ಮೈ ಮೇಲೆ ನೀರು ಇರುವ ತನಕ ಆ ಬಿಸಿ ಬರುವುದೇ ಇಲ್ಲ, ಮಾಂಸ ಬರೀ ಹಬೆಯಲ್ಲಿ ಬೆಂದು ಬೂದು ಬಣ್ಣಕ್ಕೆ ನಿಲ್ಲುತ್ತದೆ. ಅಜ್ಜಿಗೆ ಮೈಯಾರ್ ಗೊತ್ತಿರಲಿಲ್ಲ. ಆದರೆ ಸುಡುವ ಮಾಂಸವನ್ನು ತೊಳೆದು ಹಾಗೇ ಮಸಾಲೆ ಹಚ್ಚಲು ಅವರು ಯಾವತ್ತೂ ಬಿಡುತ್ತಿರಲಿಲ್ಲ. ಉಪ್ಪು, ಅರಿಶಿನ ಸವರಿ ಅಡುಗೆ ಒಲೆಯ ಮೇಲಿನ ಬಿದಿರಿನ ಗಳಕ್ಕೆ ನೇತುಹಾಕುತ್ತಿದ್ದರು. ಮಳೆಗಾಲಕ್ಕೆ ಮಾಂಸ ಒಣಗಿಸಿಡುತ್ತಿದ್ದದ್ದೂ ಅದೇ ಜಾಗದಲ್ಲಿ. ಕೊಡಗಿನಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸಕ್ಕೆ ಒಣಕ್ ಎರಚಿ ಅನ್ನುತ್ತಾರೆ, ನಮ್ಮಲ್ಲಿ ಸೀದಾ ಒಣಬಾಡು. ಹೊರಗಿನ ಗಾಳಿ ಎಷ್ಟು ಒದ್ದೆಯಿದ್ದರೂ ಒಲೆಯ ಮೇಲಿನ ಗಾಳಿ ಒಣಗಿರುತ್ತದೆ. ಬೆಳಿಗ್ಗೆ ನೇತುಹಾಕಿದ ತುಂಡು ಸಂಜೆಗೆ ಮುಟ್ಟಿದರೆ ಕೈಗೆ ಅಂಟುವುದಿಲ್ಲ, ಚರ್ಮದ ಹಾಗೆ ಇರುತ್ತದೆ. ಅದನ್ನು ಕೆಂಡದ ಮೇಲೆ ಇಟ್ಟರೆ ಹತ್ತೇ ನಿಮಿಷದಲ್ಲಿ ಬಣ್ಣ ತಿರುಗಲು ಶುರು.

ಉಪ್ಪು ಹಚ್ಚುವ ಹೊತ್ತಿನಲ್ಲೂ ಒಂದು ಸೂಕ್ಷ್ಮ ಇದೆ. ಉಪ್ಪು ಮೊದಲು ಮಾಂಸದಿಂದ ನೀರು ಎಳೆದು ಹೊರಗೆ ತರುತ್ತದೆ, ಆಮೇಲೆ ನಿಧಾನವಾಗಿ ಆ ಉಪ್ಪುನೀರು ಒಳಗೆ ಹೋಗುತ್ತದೆ. ಸುಡುವುದಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿದರೆ ಸರಿಯಾಗಿ ಆ ನೀರು ಮೈ ಮೇಲೆ ನಿಂತಿರುವ ಹೊತ್ತು. ಒಂದೋ ಬೆಳಿಗ್ಗೆಯೇ ಹಚ್ಚಿ, ಇಲ್ಲವೇ ಬೆಂಕಿಗೆ ಇಡುವ ಮುಂಚೆ ಹಚ್ಚಿ. ನಾನು ಬೆಳಿಗ್ಗೆಯೇ ಹಚ್ಚುವ ಪಕ್ಷ.

ಮಸಾಲೆ ಅವತ್ತು ತುಂಬಾ ಸರಳ. ತೋಟದ ಕಾಳುಮೆಣಸು, ಹುರಿದ ಜೀರಿಗೆ, ಒಂದು ಹಿಡಿ ಸೂಜಿ ಮೆಣಸು, ಬೆಳ್ಳುಳ್ಳಿ, ಎಲ್ಲ ಒರಳಲ್ಲಿ ಒರಟಾಗಿ ಕುಟ್ಟಿದ್ದು. ಹಂದಿಗೆ ಕೊನೆಯಲ್ಲಿ ಸವರಲು ನಾಲ್ಕು ಹನಿ ಕಾಚಂಪುಳಿ. ಕಪ್ಪಗೆ ಮಂದವಾಗಿರುವ ಈ ಹುಳಿ ಕೊಡಗಿನ ನೆಂಟರು ಕೊಟ್ಟದ್ದು, ಬಾಟಲಿ ವರ್ಷ ಬರುತ್ತದೆ. ಕೋಳಿಗೆ ಹೇರಳೆಕಾಯಿ ಹಿಂಡಿದರೆ ಸಾಕು. ಮೊಸರು, ಈರುಳ್ಳಿ ರಸ ಎಲ್ಲ ಹಾಕಿ ನೆನೆಸಿಡುವುದು ಒಣ ಹವೆಗೆ ಸರಿ. ಈ ಹವೆಗೆ ನನ್ನ ಪ್ರಕಾರ ಬೇಡ, ಅಷ್ಟು ಕಷ್ಟಪಟ್ಟು ಒಣಗಿಸಿದ್ದಕ್ಕೆ ಮತ್ತೆ ನೀರು ಹಾಕಿದ ಹಾಗೆ.

ಹಂದಿ ಚೆನ್ನಾಗಿ ಬೇಯಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಲಾಡಿಹುಳು ಬರುತ್ತದೆ. ಆ ಹುಳುವಿನ ಮೊಟ್ಟೆ ಕೊಳಕು ನೀರು, ಕೈಗಳ ಮೂಲಕ ಹೊಟ್ಟೆಗೆ ಹೋದರೆ ಮಿದುಳಿನಲ್ಲಿ ಗಂಟು ಕಟ್ಟಿ ಮೂರ್ಛೆರೋಗಕ್ಕೆ ಕಾರಣ ಆಗಬಹುದು. ಅದಕ್ಕೆ ಮೂಳೆಯಿಲ್ಲದ, ಕೊಬ್ಬು ಪದರ ಇರುವ ತುಂಡನ್ನು ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ, ಕೆಂಡದ ಅಂಚಿನಲ್ಲಿ ನಿಧಾನವಾಗಿ ಒಂದು ಗಂಟೆ ಇಡುತ್ತೇವೆ. ಎರಡು ವರ್ಷದ ಹಿಂದೆ ನಾನು ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೊಂಡೆ. ಕೋಳಿಯ ತೊಡೆಯ ಮೂಳೆ ಪಕ್ಕ 74 ಡಿಗ್ರಿ ತೋರಿಸಬೇಕು, ಹಂದಿಯನ್ನೂ ನಾನು ಅಲ್ಲಿ ತನಕ ಬಿಡುತ್ತೇನೆ. ಕತ್ತಲಲ್ಲಿ, ಮಂಜಲ್ಲಿ, ಟಾರ್ಚ್ ಬೆಳಕಲ್ಲಿ ಮಾಂಸದ ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಹೇಳುವುದು ನಿಜಕ್ಕೂ ಕಷ್ಟ. ಮಾವ ಅದನ್ನು ಮೊದಲು ನೋಡಿ ಸುಮ್ಮನಿದ್ದರು. ಈಗ ಅವರೇ, "ಆ ಸೂಜಿ ತಗಂಬಾ" ಅನ್ನುತ್ತಾರೆ.

ಅಜ್ಜನ ಕಾಲದಲ್ಲಿ ಹೀಗೆ ಕೆಂಡದ ಮೇಲೆ ಇರುತ್ತಿದ್ದದ್ದು ಕಾಡುಹಂದಿ. ಶಿಕಾರಿಗೆ ಹೋದವರೆಲ್ಲ ಪಾಲು ಹಾಕಿಕೊಂಡು ಮನೆಗೆ ಒಯ್ಯುವ ಮುಂಚೆ ಅಲ್ಲೇ ಒಂದಿಷ್ಟು ಸುಟ್ಟು ತಿನ್ನುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಬೆಂಕಿ ಕಟ್ಟುವ ಬಗೆ ಮಾತ್ರ ಅಲ್ಲಿಂದಲೇ ಬಂದದ್ದು. ಹಸಿ ಗಳು ಹಾಸುವುದು, ಸೌದೆಯನ್ನು ಸುತ್ತ ನಿಲ್ಲಿಸುವುದು, ಇದೆಲ್ಲ ಮಾವ ತಮ್ಮ ಅಪ್ಪನಿಂದ ಕಲಿತರು. ನಾನು ಹುಡುಗಿ ಅಂತ ಮಾವ ನನ್ನನ್ನು ದೂರ ಇಡಲಿಲ್ಲ. ಹತ್ತು ವರ್ಷದವಳಿದ್ದಾಗಲೇ ಕೈಗೆ ಊದುಕೊಳವೆ ಕೊಟ್ಟರು. ಅದು ನನಗೆ ಎಷ್ಟು ದೊಡ್ಡದು ಅಂತ ಅವರಿಗೆ ನಾನು ಇಲ್ಲಿ ತನಕ ಹೇಳಿಲ್ಲ.

ರಾತ್ರಿ ಎಂಟೂವರೆಗೆ ಮೊದಲ ತುಂಡು ಇಳಿಸಿದೆವು. ಬಾಳೆ ಎಲೆ ಮೇಲೆ ಇಟ್ಟು ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಕತ್ತರಿಸಿದ್ದು. ಹೊರಗಿನ ಕೊಬ್ಬು ಗರಿಗರಿ, ಒಳಗೆ ಮೆತ್ತಗೆ, ಮೆಣಸಿನ ಖಾರ ಗಂಟಲಿಗೆ ಇಳಿದ ಮೇಲೆ ಕಾಚಂಪುಳಿಯ ಹುಳಿ. ಜೊತೆಗೆ ಅತ್ತೆ ಒಳಗಿಂದ ತಂದ ಬಿಸಿ ಅಕ್ಕಿ ರೊಟ್ಟಿ. ತಣ್ಣನೆ ಗಾಳಿಗೆ ಬೆನ್ನು ಒದ್ದೆ, ಮುಖ ಮಾತ್ರ ಕಾದು ಕೆಂಪು. ಎರಡು ದಿನದಿಂದ ಕಾಫಿ ಬಿಟ್ಟು ಬೇರೆ ಮಾತಾಡದಿದ್ದ ಮಾವ ಅವತ್ತು ತಮ್ಮ ಶಾಲೆ ದಿನಗಳ ಬಗ್ಗೆ ಒಂದು ಗಂಟೆ ಮಾತಾಡಿದರು. ಅತ್ತೆ ಅದನ್ನು ಎಷ್ಟು ಸಲ ಕೇಳಿದ್ದರೋ, ಆದರೂ ಮೊದಲ ಸಲ ಕೇಳುವ ಹಾಗೆ ಕೇಳಿದರು.

ಏಳುವ ಹೊತ್ತಿಗೆ ಸಣ್ಣವನು ಉಳಿದ ಕೆಂಡವನ್ನು ಬಾಣಲೆಗೆ ತುಂಬಿ ಮಲಗುವ ಕೋಣೆಗೆ ಒಯ್ಯಲು ಹೊರಟಿದ್ದ, ಬೆಚ್ಚಗಿರುತ್ತದೆ ಅಂತ. ಅತ್ತೆ ಬಾಗಿಲಲ್ಲೇ ತಡೆದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಚಳಿಗಾಲದಲ್ಲಿ ಹೀಗೆ ಜೀವ ಹೋದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಟೆಂಟಿಗೂ ಇದೇ ಮಾತು. ಕೆಂಡ ಹೊರಗೇ ಇರಲಿ. ನಾವು ಬಕೆಟ್ ನೀರು ಸುರಿದು, ಕೋಲಲ್ಲಿ ಕೆದಕಿ, ಮತ್ತೆ ಸುರಿದು ಒಳಗೆ ಹೋದೆವು.

ಬೆಳಿಗ್ಗೆ ಏಳಕ್ಕೆ ಎದ್ದಾಗ ಮಂಜು ಇನ್ನೂ ಇತ್ತು. ಅತ್ತೆ ಆಗಲೇ ಬೂದಿಯನ್ನು ಬುಟ್ಟಿಗೆ ತುಂಬಿ ಬಾಳೆ ಬುಡಕ್ಕೆ ಹಾಕುತ್ತಿದ್ದರು. ಸುತ್ತ ನಿಲ್ಲಿಸಿದ್ದ ಸೌದೆಯಲ್ಲಿ ಉಳಿದ ನಾಲ್ಕು ಕಾಫಿ ಬೊಡ್ಡೆಗಳನ್ನು ಮಾವ ರಾತ್ರಿಯೇ ಕೊಟ್ಟಿಗೆಗೆ ಸಾಗಿಸಿದ್ದರು. ಒಣಗಿದ್ದನ್ನು ಮತ್ತೆ ನೆನೆಯಲು ಬಿಡುವುದುಂಟೇ. ಒಂಬತ್ತರ ಹೊತ್ತಿಗೆ ಬಿಸಿಲು ಕಂಡಿತು. ಎಲ್ಲರೂ ಸೇರಿ ಕಣದ ಟಾರ್ಪಾಲು ಮಡಚಿದೆವು. ಮಾವ ಒಂದು ಹಿಡಿ ಕಾಫಿ ಹಣ್ಣು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಇನ್ನೂ ಸದ್ದು ಬಂದಿರಲಿಲ್ಲ.